ಪ್ಲೇಟು ಬದಲಾಯಿಸುವ ಮೊದಲು ಡ್ರಮ್ ನೋಡಿ: ಹಳೇ ಜಾವಾ ಕ್ಲಚ್ಚಿನ ಮಾತು

ಮೇಜಿನ ಮೇಲೆ ಹಳೇ ಪೇಪರ್ ಹಾಸಿ ಇಟ್ಟಿದ್ದೇನಲ್ಲ, ಇದು ನಮ್ಮಪ್ಪನ 1969ರ ಜಾವಾ 250ರ ಕ್ಲಚ್. ಪೂರ್ತಿ ಬಿಚ್ಚಿಕೊಂಡು ತಂದಿದ್ದೇನೆ. ಗಾಡಿ ಮನೆಯಲ್ಲಿ ಎಡಗಡೆ ಕವರ್ ಇಲ್ಲದೆ, ಕೆಳಗೆ ಎಣ್ಣೆಗೊಂದು ತಟ್ಟೆ ಇಟ್ಟುಕೊಂಡು ನಿಂತಿದೆ. ಎರಡು ಕಾರ್ಕ್ ಪ್ಲೇಟು, ಒಂದು ಸ್ಟೀಲ್ ಪ್ಲೇಟು, ಒಂದು ಸ್ಪ್ರಿಂಗು, ಒಂದು ಪುಶ್ ರಾಡು ನಿಮ್ಮ ಕಡೆ ಕಳಿಸುತ್ತೇನೆ, ಕೈಯಿಂದ ಕೈಗೆ ದಾಟಿಸಿ. ಒರೆಸಿ ತಂದಿದ್ದೇನೆ, ಆದರೂ ಬಿಳಿ ಶರ್ಟಿನವರು ಸ್ವಲ್ಪ ಹುಷಾರು. ಡ್ರಮ್, ಅಂದರೆ ಪ್ಲೇಟುಗಳು ಒಳಗೆ ಕೂರುವ ಈ ಬಟ್ಟಲು, ಇದು ಮಾತ್ರ ಇಲ್ಲೇ ಇರಲಿ. ಇವತ್ತಿನ ಅರ್ಧ ಮಾತು ಅದರ ಬಗ್ಗೆಯೇ.

ಮೊದಲು ನನ್ನ ದಡ್ಡತನ ಹೇಳಿಬಿಡುತ್ತೇನೆ. ಈ ಗಾಡಿ ನನ್ನ ಕೈಗೆ ಬಂದಾಗ ಕ್ಲಚ್ ಜಾರುತ್ತಿತ್ತು, ಜೊತೆಗೆ ಸಿಗ್ನಲ್ಲಿನಲ್ಲಿ ನ್ಯೂಟ್ರಲ್ ಬೀಳುತ್ತಿರಲಿಲ್ಲ. ಒಬ್ಬ ಮೆಕ್ಯಾನಿಕ್ ಹೊಸ ಪ್ಲೇಟ್ ಹಾಕಿದರು. ಒಂದು ತಿಂಗಳು ಚೆನ್ನಾಗಿತ್ತು, ಆಮೇಲೆ ಅದೇ ಕಥೆ. ಇನ್ನೊಬ್ಬರ ಹತ್ತಿರ ಹೋದೆ, ಅವರೂ ಹೊಸ ಪ್ಲೇಟೇ ಹಾಕಿದರು, ಸ್ಪ್ರಿಂಗಿನ ಕೆಳಗೆ ಒಂದೊಂದು ವಾಷರ್ ಸೇರಿಸಿದರು. ಜಾರುವುದು ನಿಂತಿತು. ಆದರೆ ಲಿವರ್ ಎಷ್ಟು ಬಿಗಿ ಆಯಿತು ಅಂದರೆ ನಮ್ಮ ಮೈಸೂರಿನ ಕೆ.ಆರ್. ಸರ್ಕಲ್ ದಾಟುವಷ್ಟರಲ್ಲಿ ಎಡಗೈ ಹಿಡಿದುಕೊಳ್ಳುತ್ತಿತ್ತು. ನ್ಯೂಟ್ರಲ್ ಇನ್ನೂ ಕೆಟ್ಟಿತು. ಮೂರನೇ ಸಲ ನಾನೇ ಬಿಚ್ಚಿದೆ. ಆಗ ಗೊತ್ತಾಯಿತು, ಇಷ್ಟು ದಿನ ಪ್ಲೇಟಿನದು ತಪ್ಪೇ ಇರಲಿಲ್ಲ. ಪ್ಲೇಟ್ ಕೂರುವ ಜಾಗ ಕೆಟ್ಟಿತ್ತು.

ಈ ಗಾಡಿಗಳು ನಮ್ಮೂರಿನವು ಅಂತ ನಿಮಗೆಲ್ಲ ಗೊತ್ತು. ರುಸ್ತುಂ ಇರಾನಿ, ಫಾರೂಕ್ ಇರಾನಿ ಅವರ ಐಡಿಯಲ್ ಜಾವಾ ಯಾದವಗಿರಿಯಲ್ಲಿ 1961ರಲ್ಲಿ ಗಾಡಿ ಮಾಡಲು ಶುರುಮಾಡಿತು, 1973ರಿಂದ ಹೆಸರು ಯೆಜ್ಡಿ ಆಯಿತು, 1996ಕ್ಕೆ ಬಾಗಿಲು ಮುಚ್ಚಿತು. ಈಗ ಶೋರೂಮಿನಲ್ಲಿ ಸಿಗುವ ಜಾವಾ ಹೆಸರಿಗೆ ಮಾತ್ರ ಅದು, ಅದು ಫೋರ್ ಸ್ಟ್ರೋಕ್, ಅದರ ಸಾಮಾನು ಇದಕ್ಕೆ ಆಗುವುದಿಲ್ಲ. ಅಂದರೆ ನಮ್ಮ ಗಾಡಿಗೆ ಕಂಪನಿ ಸಾಮಾನು ಬರುವುದು ನಿಂತು ಎಷ್ಟೋ ವರ್ಷ ಆಯಿತು. ಬೆಂಗಳೂರಿನ ಜೆ.ಸಿ. ರೋಡಿನಲ್ಲೋ ಗುಜರಿಯಲ್ಲೋ ಹುಡುಕಬೇಕು. ಸಿಕ್ಕಿದ್ದರಲ್ಲಿ ಕೆಲವು ಚೆನ್ನಾಗಿರುತ್ತವೆ. ಕೆಲವು ಕ್ಲಚ್ ಡ್ರಮ್ ಎಷ್ಟು ಮೆತ್ತಗಿರುತ್ತವೆ ಅಂದರೆ ಫೈಲ್ ಹಾಕಿದರೆ ಬೆಣ್ಣೆ ತರ ಬರುತ್ತೆ. ಅದಕ್ಕೇ ನಾನು ಹೇಳುವುದು, ಹಳೇ ಸಾಮಾನು ಕೈಯಲ್ಲಿದ್ದರೆ ಬಿಸಾಡಬೇಡಿ. ಸವೆದಿರಬಹುದು, ಆದರೆ ಅದರ ಲೋಹ ಒಳ್ಳೆಯದು.

ಸರಿ, ಒಳಗೆ ಏನಾಗುತ್ತೆ ಅಂತ ಒಂದು ನಿಮಿಷ. ಇಂಜಿನ್ನಿಂದ ಪ್ರೈಮರಿ ಚೈನ್ ಬಂದು ಈ ಡ್ರಮ್ಮನ್ನು ತಿರುಗಿಸುತ್ತೆ. ಡ್ರಮ್ಮಿನ ಸುತ್ತ ಈ ಉದ್ದುದ್ದ ಸೀಳು ಇದೆ ನೋಡಿ, ಇದರಲ್ಲಿ ಕಾರ್ಕ್ ಪ್ಲೇಟಿನ ಕಿವಿಗಳು ಕೂರುತ್ತವೆ. ಮಧ್ಯದ ಹಬ್ಬಿಗೆ ಸ್ಟೀಲ್ ಪ್ಲೇಟಿನ ಹಲ್ಲು ಕೂರುತ್ತೆ, ಹಬ್ ಗೇರ್ ಬಾಕ್ಸಿನ ಶಾಫ್ಟಿಗೆ. ಒಂದು ಕಾರ್ಕು, ಒಂದು ಸ್ಟೀಲು, ಒಂದು ಕಾರ್ಕು, ಒಂದು ಸ್ಟೀಲು, ಚಪಾತಿ ಪೇರಿಸಿದ ಹಾಗೆ. ಸ್ಪ್ರಿಂಗು ಒತ್ತಿ ಹಿಡಿದಾಗ ಎಲ್ಲ ಒಟ್ಟಿಗೆ ತಿರುಗುತ್ತವೆ. ಲಿವರ್ ಎಳೆದರೆ ಪುಶ್ ರಾಡು, ಮೇಲೆ ಕೂತು ಎಲ್ಲವನ್ನೂ ಒತ್ತುವ ಪ್ರೆಶರ್ ಪ್ಲೇಟನ್ನು ಒಂದಿಷ್ಟು ಹೊರಗೆ ತಳ್ಳುತ್ತೆ, ಚಪಾತಿ ಸಡಿಲ ಆಗುತ್ತೆ, ಡ್ರಮ್ ತಿರುಗುತ್ತಿದ್ದರೂ ಹಬ್ ನಿಲ್ಲಬಹುದು. ಇಷ್ಟೇ. ಈ ಸಡಿಲ ಆಗುವುದು ಒಂದೆರಡು ಮಿಲಿಮೀಟರಿನ ಆಟ, ಅದನ್ನು ಎಷ್ಟು ಪ್ಲೇಟು ಹಂಚಿಕೊಳ್ಳಬೇಕು ಅಂತ ಯೋಚಿಸಿ. ಒಂದು ಪ್ಲೇಟಿಗೆ ಸಿಗುವ ಸಂದು ಕೂದಲಿನಷ್ಟು.

ಕ್ಲಚ್ಚಿನ ದೂರು ಎರಡೇ ತರ. ಒಂದು ಜಾರುವುದು: ಟಾಪ್ ಗೇರಿನಲ್ಲಿ ಚಾಮುಂಡಿ ಬೆಟ್ಟ ಹತ್ತುವಾಗ ಸದ್ದು ಏರುತ್ತೆ, ಗಾಡಿ ಏರುವುದಿಲ್ಲ. ಇನ್ನೊಂದು ಬಿಡದೇ ಇರುವುದು: ಲಿವರ್ ಪೂರ್ತಿ ಎಳೆದರೂ ಫಸ್ಟ್ ಹಾಕಿದಾಗ ಗಾಡಿ ಮುಂದಕ್ಕೆ ಜಗ್ಗುತ್ತೆ, ನಿಂತಲ್ಲಿ ನ್ಯೂಟ್ರಲ್ ಸಿಗುವುದಿಲ್ಲ, ಇಂಜಿನ್ ಆಫ್ ಮಾಡಿದರೆ ತಕ್ಷಣ ಸಿಗುತ್ತೆ. ಇವೆರಡೂ ಬೇರೆ ಬೇರೆ ಕಾಯಿಲೆ. ಒಂದರ ಔಷಧಿ ಇನ್ನೊಂದಕ್ಕೆ ವಿಷ. ಜಾರುತ್ತೆ ಅಂತ ಸ್ಪ್ರಿಂಗ್ ಬಿಗಿ ಮಾಡಿದರೆ ಬಿಡುವುದು ಕಮ್ಮಿ ಆಗುತ್ತೆ, ಬಿಡುತ್ತಿಲ್ಲ ಅಂತ ಕೇಬಲ್ ಬಿಗಿ ಮಾಡಿದರೆ ಜಾರಲು ಶುರು ಆಗುತ್ತೆ. ನನ್ನ ಗಾಡಿಗೆ ಎರಡೂ ಇದ್ದವು, ಅದಕ್ಕೇ ಯಾರಿಗೂ ಹಿಡಿತಕ್ಕೆ ಸಿಗಲಿಲ್ಲ.

ಬಿಚ್ಚುವ ವಿಷಯದಲ್ಲಿ ಎರಡು ಮಾತು. ಮಧ್ಯದ ನಟ್ಟು ಉಲ್ಟಾ ಥ್ರೆಡ್. ಬಲಕ್ಕೆ ತಿರುಗಿಸಿದರೆ ಬಿಚ್ಚುತ್ತೆ. ಇದು ಗೊತ್ತಿಲ್ಲದೆ ಉಳಿ ಇಟ್ಟು ಸುತ್ತಿಗೆಯಲ್ಲಿ ಹೊಡೆದವರ ಗುರುತು ಎಷ್ಟೋ ಗಾಡಿಯ ನಟ್ಟಿನ ಮೇಲೆ ಇರುತ್ತೆ, ನನ್ನದರ ಮೇಲೂ ಇದೆ, ನೋಡಿ. ಇನ್ನೊಂದು, ನಟ್ಟು ಬಿಚ್ಚುವಾಗ ಕ್ಲಚ್ ತಿರುಗದ ಹಾಗೆ ಹಿಡಿಯಬೇಕಲ್ಲ, ಕೆಲವರು ಪ್ಲಗ್ ತೂತಿನಿಂದ ಹಗ್ಗ ತುರುಕಿ ಪಿಸ್ಟನ್ ತಡೆಯುತ್ತಾರೆ. ಫೋರ್ ಸ್ಟ್ರೋಕಿಗೆ ಅದು ನಡೆಯುತ್ತೆ. ನಮ್ಮದು ಟೂ ಸ್ಟ್ರೋಕ್, ಸಿಲಿಂಡರ್ ಗೋಡೆಯಲ್ಲೇ ಪೋರ್ಟ್ ಕಿಟಕಿಗಳಿವೆ, ಹಗ್ಗ ಅದರೊಳಗೆ ನುಗ್ಗಿ ಪಿಸ್ಟನ್ ಅದನ್ನು ಕಚ್ಚಿಕೊಂಡರೆ ಹೆಡ್ ಬಿಚ್ಚಬೇಕಾಗುತ್ತೆ. ನಾನು ಮಾಡುವುದು ಸುಲಭ: ಹಾಳಾದ ಒಂದು ಸ್ಟೀಲ್ ಪ್ಲೇಟು, ಒಂದು ಕಾರ್ಕ್ ಪ್ಲೇಟು, ಎರಡನ್ನೂ ಒಂದರ ಮೇಲೊಂದು ಇಟ್ಟು ನಾಲ್ಕು ಬೋಲ್ಟ್ ಹಾಕಿ ಒಂದೇ ತುಂಡು ಮಾಡಿಬಿಟ್ಟಿದ್ದೇನೆ. ಅದನ್ನು ಒಳಗೆ ಕೂರಿಸಿದರೆ ಡ್ರಮ್ಮು ಹಬ್ಬು ಬೀಗ ಹಾಕಿದ ಹಾಗೆ. ಆಮೇಲೆ ಗಾಡಿಯನ್ನು ಗೇರಿನಲ್ಲಿ ಹಾಕಿ ಒಬ್ಬರು ಹಿಂದಿನ ಬ್ರೇಕ್ ಒತ್ತಿ ಹಿಡಿದರೆ ಸಾಕು. ಪ್ರೈಮರಿ ಚೈನಿಗೆ ಬಿಚ್ಚುವ ಲಿಂಕ್ ಇಲ್ಲ, ಬಳೆ ತರ, ಅದಕ್ಕೆ ಮುಂದಿನ ಸ್ಪ್ರಾಕೆಟ್ ಮತ್ತು ಡ್ರಮ್ ಒಟ್ಟಿಗೇ ಹೊರಗೆ ಬರಬೇಕು. ಮುಂದಿನದಕ್ಕೆ ಪುಲ್ಲರ್, ಅಂದರೆ ಹಿಡಿದು ಹೊರಗೆ ಎಳೆಯುವ ಉಪಕರಣ, ಬೇಕೇ ಬೇಕು. ಸ್ಕ್ರೂಡ್ರೈವರ್ ಹಾಕಿ ಮೀಟಿದರೆ ಕೇಸಿನ ಅಂಚು ಹೋಗುತ್ತೆ, ಆಮೇಲೆ ಜೀವನಪೂರ್ತಿ ಎಣ್ಣೆ ಸೋರುತ್ತೆ.

ಈಗ ಡ್ರಮ್ಮಿಗೆ ಬನ್ನಿ. ಮುಂದಿನ ಸಾಲಿನವರು ಬಂದು ಈ ಸೀಳಿನ ಅಂಚಿನ ಮೇಲೆ ಉಗುರು ಎಳೆದು ನೋಡಿ. ಟಕ್ ಟಕ್ ಅಂತ ಸಿಕ್ಕಿಕೊಳ್ಳುತ್ತೆ, ಅಲ್ವಾ? ಪ್ರತಿಯೊಂದು ಕಾರ್ಕ್ ಪ್ಲೇಟಿನ ಕಿವಿ ಕೂತಿದ್ದ ಜಾಗದಲ್ಲಿ ಒಂದೊಂದು ಸಣ್ಣ ಹಳ್ಳ. ಇಂಜಿನ್ನಿನ ಪ್ರತಿ ಏಟಿಗೂ ಕಿವಿ ಈ ಅಂಚಿಗೆ ಬಡಿಯುತ್ತೆ, ವರ್ಷಗಟ್ಟಲೆ. ಸಿಂಗಲ್ ಸಿಲಿಂಡರ್, ಏಟು ಬಿಡಿ ಬಿಡಿಯಾಗಿ ಬೀಳುತ್ತೆ. ಮೆಟ್ಟಿಲು ಸವೆದ ಹಾಗೆ ಸವೆಯುತ್ತೆ. ಈಗ ಲಿವರ್ ಎಳೆದರೆ ಪ್ಲೇಟು ಸೀಳಿನ ಉದ್ದಕ್ಕೆ ಜಾರಿ ಹೊರಗೆ ಬರಬೇಕು, ಆದರೆ ಕಿವಿ ಹಳ್ಳದಲ್ಲಿ ಕೂತಿದೆ, ಬರುವುದಿಲ್ಲ. ಪ್ರೆಶರ್ ಪ್ಲೇಟ್ ಎದ್ದಿದೆ, ಮೊದಲನೇ ಪ್ಲೇಟು ಬಿಟ್ಟಿದೆ, ಉಳಿದವು ಒಂದಕ್ಕೊಂದು ಉಜ್ಜುತ್ತಾ ಕೂತಿವೆ. ಅದೇ ನಿಮ್ಮ ಸಿಗದ ನ್ಯೂಟ್ರಲ್. ಹೊಸ ಪ್ಲೇಟ್ ಹಾಕಿದಾಗ ಕಿವಿ ಹಳ್ಳದ ಪಕ್ಕದಲ್ಲಿ ಎಲ್ಲೋ ಕೂರುತ್ತೆ, ಸ್ವಲ್ಪ ದಿನ ಚೆನ್ನಾಗಿರುತ್ತೆ, ಕಾರ್ಕು ಒಂದಿಷ್ಟು ಸವೆದ ಕೂಡಲೇ ಜಾರಿ ಹಳ್ಳಕ್ಕೇ ಬೀಳುತ್ತೆ. ನನ್ನ ಆ ಒಂದು ತಿಂಗಳ ಲೆಕ್ಕ ಇದೇ. ಉಜ್ಜಿ ಉಜ್ಜಿ ಕಾರ್ಕು ಸುಟ್ಟು, ಆಮೇಲೆ ಜಾರಲು ಶುರು. ಕಾಯಿಲೆ ಎರಡು ಅಂದುಕೊಂಡಿದ್ದೆ, ಬೇರು ಒಂದೇ.

ಹಳ್ಳ ಉಗುರಿಗೆ ಸಿಗುವಷ್ಟೇ ಇದ್ದರೆ ಚಪ್ಪಟೆ ಫೈಲಿನಲ್ಲಿ ಅಂಚು ನೆಟ್ಟಗೆ ಮಾಡಿಕೊಳ್ಳಬಹುದು. ಎಲ್ಲ ಸೀಳಿನಲ್ಲೂ ಒಂದೇ ಸಮ ತೆಗೆಯಬೇಕು, ಇಲ್ಲದಿದ್ದರೆ ಇಡೀ ಎಳೆತ ಒಂದೆರಡು ಕಿವಿಯ ಮೇಲೆ ಬಿದ್ದು ಅವು ಮುರಿಯುತ್ತವೆ. ನಾನು ಪ್ರತಿ ಸೀಳಿಗೂ ಲೆಕ್ಕ ಇಟ್ಟು, ಇಷ್ಟು ಸಲ ಫೈಲ್ ಅಂತ ಎಣಿಸಿ ಹಾಕುತ್ತೇನೆ, ಆಮೇಲೆ ಒಂದು ಹೊಸ ಪ್ಲೇಟನ್ನು ಒಳಗೆ ಬಿಟ್ಟು ಎಲ್ಲ ಕಿವಿಯೂ ಒಟ್ಟಿಗೆ ತಾಗುತ್ತವಾ ಅಂತ ಬೆಳಕಿಗೆ ಹಿಡಿದು ನೋಡುತ್ತೇನೆ. ಹಳ್ಳ ಅರ್ಧ ಮಿಲಿಮೀಟರಿಗಿಂತ ಜಾಸ್ತಿ ಆಳ ಇದ್ದರೆ ನಾನು ಫೈಲ್ ಮುಟ್ಟುವುದಿಲ್ಲ. ಅಷ್ಟು ತೆಗೆದರೆ ಕಿವಿಗೂ ಸೀಳಿಗೂ ಮಧ್ಯೆ ಸಡಿಲ ಬಂದು ಏಟು ಇನ್ನೂ ಜೋರಾಗುತ್ತೆ, ಗಾಡಿ ಐಡಲಿನಲ್ಲಿ ನಿಂತಾಗ ಡಬ್ಬದಲ್ಲಿ ಕಲ್ಲು ಹಾಕಿದ ಸದ್ದು. ಅಂಥದ್ದಕ್ಕೆ ಆರ್ಗಾನ್ ವೆಲ್ಡಿಂಗಿನಲ್ಲಿ ಹಳ್ಳ ತುಂಬಿಸಿ ಮತ್ತೆ ಫೈಲ್ ಮಾಡಬೇಕು. ವೆಲ್ಡರಿಗೆ ಮೊದಲೇ ಹೇಳಿ: ಒಂದು ಕಡೆ ಒಂದು ಚುಕ್ಕೆ, ಆಮೇಲೆ ಎದುರುಗಡೆ ಒಂದು ಚುಕ್ಕೆ, ನಡುವೆ ತಣ್ಣಗಾಗಲು ಬಿಡಬೇಕು. ಒಂದೇ ಕಡೆಯಿಂದ ಸುತ್ತ ಹಾಕಿಕೊಂಡು ಹೋದರೆ ಡ್ರಮ್ಮು ಮೊಟ್ಟೆ ಆಕಾರಕ್ಕೆ ಬರುತ್ತೆ. ಈ ಡ್ರಮ್ ಹಾಗೇ ತುಂಬಿಸಿದ್ದು. ಫೈಲ್ ಕೆಲಸಕ್ಕೆ ನನಗೆ ಎರಡು ಭಾನುವಾರ ಹಿಡಿಯಿತು.

ಡ್ರಮ್ಮಿನ ಹೊಟ್ಟೆಯಲ್ಲಿ ಒಂದು ಬುಷ್ ಇದೆ, ಶಾಫ್ಟಿನ ಮೇಲೆ ಡ್ರಮ್ ತಿರುಗಲು ಕೂರಿಸಿದ ಲೋಹದ ಬಳೆ. ಇದು ಯಾವಾಗ ಸವೆಯುತ್ತೆ ಹೇಳಿ ನೋಡೋಣ? ಓಡಿಸುವಾಗ ಅಲ್ಲ. ಆಗ ಡ್ರಮ್ಮು ಶಾಫ್ಟು ಎರಡೂ ಒಟ್ಟಿಗೆ ತಿರುಗುತ್ತವೆ, ಬುಷ್ಷಿಗೆ ಕೆಲಸವೇ ಇಲ್ಲ. ಲಿವರ್ ಎಳೆದು ನಿಂತಾಗ ಶಾಫ್ಟ್ ನಿಂತಿರುತ್ತೆ, ಡ್ರಮ್ ತಿರುಗುತ್ತಿರುತ್ತೆ, ಆಗ ಮಾತ್ರ ಸವೆಯುವುದು. ಸಿಗ್ನಲ್ಲಿನಲ್ಲಿ ಅಷ್ಟು ಹೊತ್ತೂ ಫಸ್ಟ್ ಗೇರಿನಲ್ಲಿ ಲಿವರ್ ಹಿಡಿದು ನಿಲ್ಲುವವರು ಬುಷ್ ತಿನ್ನುತ್ತಿದ್ದಾರೆ. ಡ್ರಮ್ಮನ್ನು ಶಾಫ್ಟಿನ ಮೇಲೆ ಕೂರಿಸಿ ಅಂಚು ಹಿಡಿದು ಅಲ್ಲಾಡಿಸಿ. ಲೊಟಲೊಟ ಅಂದರೆ ಲೇತಿನವರ ಹತ್ತಿರ ಗನ್‌ಮೆಟಲ್ ಬುಷ್ ತಿರುವಿಸಿ. ಶಾಫ್ಟಿಗೆ ಎರಡು ಥೌ, ಅಂದರೆ ಇಂಚಿನ ಸಾವಿರದಲ್ಲಿ ಎರಡು ಭಾಗ, ಸಡಿಲ ಬಿಡಿ ಅಂತ ಹೇಳಿ, ಮತ್ತೆ ಎಣ್ಣೆ ಹೋಗುವ ತೂತು ಇದ್ದರೆ ಅದನ್ನು ಮರೆಯದೆ ಹಾಕಿಸಿ. ಬಿಗಿ ಇರಲಿ ಅಂತ ಜಾಣತನ ತೋರಿಸಿದರೆ ಬಿಸಿಗೆ ಹಿಡಿದುಕೊಂಡು ಲಿವರ್ ಎಳೆದಿದ್ದರೂ ಗಾಡಿ ಮುಂದೆ ಹೋಗುತ್ತೆ.

ಕಾರ್ಕ್ ಪ್ಲೇಟು ಎಲ್ಲಿಗೆ ತಲುಪಿದೆ? ಹಾಂ, ಅದನ್ನು ಮೂಸಿ ನೋಡಿ. ಸುಟ್ಟ ವಾಸನೆ ಇನ್ನೂ ಇದೆ. ಕಾರ್ಕ್ ಅಂದರೆ ಬಾಟಲಿ ಬಿರಡೆ, ಅದೇ ಮರದ ತೊಗಟೆ. ಪೋರ್ಚುಗಲ್ಲಿನ ಕಡೆ ಬೆಳೆಯುವ ಓಕ್ ಮರ, ಒಂದು ಸಲ ಸುಲಿದರೆ ಮತ್ತೆ ಸುಲಿಯಲು ಸುಮಾರು ಒಂಬತ್ತು ವರ್ಷ ಕಾಯಬೇಕು. ಎಣ್ಣೆಯೊಳಗೆ ಮುಳುಗಿರುವ ಕ್ಲಚ್ಚಿಗೆ ಮರದ ತೊಗಟೆ ಯಾಕೆ ಅಂತ ನನಗೂ ಆಶ್ಚರ್ಯ ಆಗಿತ್ತು. ಅದರೊಳಗೆ ಗಾಳಿ ತುಂಬಿದ ಸಣ್ಣ ಸಣ್ಣ ಗೂಡುಗಳಿವೆ, ಒತ್ತಿದರೆ ಕುಗ್ಗಿ ಕಬ್ಬಿಣವನ್ನು ತಬ್ಬಿಕೊಳ್ಳುತ್ತೆ, ಎಣ್ಣೆ ಇದ್ದರೂ ಹಿಡಿಯುತ್ತೆ, ಅದೂ ಜಗ್ಗದೆ ಮೆತ್ತಗೆ. ಹೊಸ ಕಾಲದ ಗಟ್ಟಿ ಲೈನಿಂಗ್ ಹಾಕಿದ ಪ್ಲೇಟೂ ಸಿಗುತ್ತೆ, ಬಾಳಿಕೆ ಜಾಸ್ತಿ, ನಿಜ. ಆದರೆ ಫಸ್ಟ್ ಗೇರಿನಲ್ಲಿ ಕಾರ್ಕಿನ ಹಾಗೆ ಹೊರಡುವ ಸುಖ ಅದರಲ್ಲಿ ನನಗೆ ಸಿಕ್ಕಿಲ್ಲ. ಇದು ನನ್ನ ಅಭಿಪ್ರಾಯ, ಜಗಳ ಬೇಡ.

ಕಾರ್ಕ್ ಹೊಸದಾಗಿ ಕೂರಿಸುವುದು ಮನೆಯಲ್ಲೇ ಆಗುವ ಕೆಲಸ. ಪ್ಲೇಟಿನ ಲೋಹ ಚೆನ್ನಾಗಿರಬೇಕು, ಕಿವಿ ಅರಳಿರಬಾರದು, ಅಷ್ಟೇ. ಹಳೇ ತುಂಡುಗಳನ್ನು ತಳ್ಳಿ ತೆಗೆದು ತೂತುಗಳನ್ನು ಪೆಟ್ರೋಲಿನಲ್ಲಿ ತೊಳೆಯಿರಿ. ಕಾರ್ಕು ಒಂದೇ ತುಂಡಿನ ಅಸಲಿ ಕಾರ್ಕ್ ಆಗಿರಬೇಕು. ಪುಡಿಯನ್ನು ಅಂಟಿನಲ್ಲಿ ಕಲಸಿ ಒತ್ತಿದ್ದು ಬರುತ್ತಲ್ಲ, ನೋಟಿಸ್ ಬೋರ್ಡಿಗೆ ಹಾಕುತ್ತಾರಲ್ಲ, ಅದು ಬಿಸಿ ಎಣ್ಣೆಯಲ್ಲಿ ಉಪ್ಪಿಟ್ಟಿನ ತರ ಉದುರಿಹೋಗುತ್ತೆ. ನಾನು ಒಂದು ಸಲ ಬೆಂಗಳೂರಿನ ಒಂದು ಹೋಟೆಲಿನಲ್ಲಿ ವೈನ್ ಬಾಟಲಿಯ ಬಿರಡೆ ಎತ್ತಿಡಿ ಅಂತ ಕೇಳಿಕೊಂಡಿದ್ದೆ. ಅವರು ಒಂದು ಚೀಲ ತುಂಬ ಕೊಟ್ಟರು. ಮನೆಗೆ ತಂದಾಗ ನಮ್ಮಮ್ಮ ಚೀಲದ ಒಳಗೆ ನೋಡಿ, ಇಷ್ಟು ಯಾವಾಗ ಕುಡಿದೆಯೋ ಅಂದರು.

ತೂತಿಗಿಂತ ಒಂಚೂರು ದೊಡ್ಡದಾಗಿ ಕತ್ತರಿಸಿ, ಹತ್ತು ನಿಮಿಷ ನೀರಿನಲ್ಲಿ ಕುದಿಸಿ. ಮೆತ್ತಗಾಗುತ್ತೆ. ಬಿಸಿ ಇರುವಾಗಲೇ ಹೆಬ್ಬೆರಳಿನಲ್ಲಿ ಒತ್ತಿದರೆ ತೂತಿನೊಳಗೆ ಪುಚುಕ್ ಅಂತ ಕೂರುತ್ತೆ, ಎರಡೂ ಕಡೆ ಹೊರಗೆ ಉಳಿಯುವ ಹಾಗೆ ನೋಡಿಕೊಳ್ಳಿ. ಅಂಟು ಬೇಡ. ಎರಡು ದಿನ ನೆರಳಿನಲ್ಲಿ ಒಣಗಿಸಿ, ಹೊಸ ಬ್ಲೇಡಿನಲ್ಲಿ ಹೆಚ್ಚಾಗಿದ್ದನ್ನು ಸವರಿ, ಆಮೇಲೆ ದಪ್ಪ ಗಾಜಿನ ಮೇಲೆ 80ರ ಎಮರಿ ಪೇಪರ್ ಅಂಟಿಸಿ ಪ್ಲೇಟನ್ನು ಅದರ ಮೇಲೆ ಎಂಟರ ಆಕಾರದಲ್ಲಿ ತಿಕ್ಕಿ. ಸುಮ್ನೆ ಗುಂಡಗೆ ತಿರುಗಿಸಿದರೆ ಅಂಚು ಜಾಸ್ತಿ ಹೋಗುತ್ತೆ. ನಾನು ಪ್ರತಿ ಬದಿಗೂ ಮುಕ್ಕಾಲು ಮಿಲಿಮೀಟರ್ ಕಾರ್ಕ್ ಹೊರಗೆ ಬಿಡುತ್ತೇನೆ. ಕ್ಯಾಲಿಪರಿನಲ್ಲಿ ನಾಲ್ಕು ಕಡೆ ಅಳೆಯಿರಿ, ನಾಲ್ಕೂ ಒಂದೇ ಬರುವ ತನಕ ತಿಕ್ಕಿ. ಕೂರಿಸುವ ಹಿಂದಿನ ರಾತ್ರಿ ಎಣ್ಣೆಯಲ್ಲಿ ನೆನೆಹಾಕಿ. ಒಣ ಕಾರ್ಕ್ ಹಾಕಿ ಗಾಡಿ ಸ್ಟಾರ್ಟ್ ಮಾಡಿದರೆ ಮೊದಲ ಸಿಗ್ನಲ್ಲಿನಲ್ಲೇ ಸೀದು ಹೋಗುತ್ತೆ.

ಸ್ಟೀಲ್ ಪ್ಲೇಟನ್ನು ಅದೇ ಗಾಜಿನ ಮೇಲೆ ಇಟ್ಟು ಒಂದು ಅಂಚು ಒತ್ತಿ. ಇನ್ನೊಂದು ಅಂಚು ಎದ್ದರೆ ಅದು ಸೊಟ್ಟ. ನೀಲಿ ಮಚ್ಚೆ ಇದ್ದರೆ ಬಿಸಿ ಕಂಡಿದೆ ಅಂತ ಅರ್ಥ. ಸೊಟ್ಟ ಪ್ಲೇಟನ್ನು ತಟ್ಟಿ ನೆಟ್ಟಗೆ ಮಾಡಲು ಹೋಗಬೇಡಿ, ಬದಲಾಯಿಸಿ, ಇದೊಂದರಲ್ಲಿ ನನಗೆ ರಿಪೇರಿ ಮೇಲೆ ನಂಬಿಕೆ ಇಲ್ಲ. ನೆಟ್ಟಗಿದ್ದು ಕನ್ನಡಿ ತರ ಹೊಳೆಯುತ್ತಿದ್ದರೆ ಎಮರಿಯಲ್ಲಿ ಹೊಳಪು ತೆಗೆಯಿರಿ, ಅಷ್ಟು ಸಾಕು.

ಸ್ಪ್ರಿಂಗು ಸಾಲಾಗಿ ನಿಲ್ಲಿಸಿ, ಮೇಲೊಂದು ಸ್ಕೇಲ್ ಅಡ್ಡ ಇಡಿ. ಗಿಡ್ಡದ್ದು ತಾನೇ ಗೊತ್ತಾಗುತ್ತೆ. ಒಂದು ಮಿಲಿಮೀಟರ್ ವ್ಯತ್ಯಾಸ ಇದ್ದರೂ ಪ್ರೆಶರ್ ಪ್ಲೇಟು ಓರೆಯಾಗಿ ಏಳುತ್ತೆ, ಒಂದು ಕಡೆ ಬಿಡುತ್ತೆ, ಇನ್ನೊಂದು ಕಡೆ ಬಿಡುವುದಿಲ್ಲ. ಬದಲಾಯಿಸಿದರೆ ಪೂರ್ತಿ ಸೆಟ್ ಬದಲಾಯಿಸಿ. ವಾಷರ್ ಹಾಕುವ ವಿದ್ಯೆ ಯಾರಾದರೂ ತೋರಿಸಿದರೆ ಬೇಡ ಅನ್ನಿ.

ಪುಶ್ ರಾಡಿನ ತುದಿ ನೋಡಿದಿರಾ? ಅಣಬೆ ತರ ಅರಳಿದೆ, ನೀಲಿ ಬಣ್ಣಕ್ಕೆ ತಿರುಗಿದೆ. ಬಲಗಡೆಯ ಕ್ಲಚ್ ಆರ್ಮು ಈ ರಾಡನ್ನು ಟೊಳ್ಳು ಶಾಫ್ಟಿನೊಳಗಿಂದ ತಳ್ಳುತ್ತೆ. ಫ್ರೀ ಪ್ಲೇ, ಅಂದರೆ ಭಾರ ಸಿಗುವ ಮೊದಲು ಲಿವರಿಗೆ ಇರಬೇಕಾದ ಸಡಿಲ, ಇಲ್ಲದೆ ಓಡಿಸಿದರೆ ತಿರುಗುವುದಕ್ಕೂ ತಿರುಗದ್ದಕ್ಕೂ ಮಧ್ಯೆ ಇದು ಸಿಕ್ಕಿಕೊಂಡು ಉಜ್ಜುತ್ತೆ, ಕೆಂಪಗೆ ಕಾಯುತ್ತೆ, ಬಿಗಿತ ಹೋಗಿ ಮೆತ್ತಗಾಗುತ್ತೆ, ದಿನಾ ಒಂದಿಷ್ಟು ಗಿಡ್ಡ ಆಗುತ್ತೆ. ಕೇಬಲ್ ಎಷ್ಟು ಅಡ್ಜಸ್ಟ್ ಮಾಡಿದರೂ ವಾರದಲ್ಲಿ ಮತ್ತೆ ಸಡಿಲ ಅನ್ನುವವರು ರಾಡ್ ತೆಗೆದು ನೋಡಿ. ಬೋಲ್ಟಿನ ಕಂಬಿ ಕತ್ತರಿಸಿ ಹಾಕುವವರಿದ್ದಾರೆ, ಅದು ಮಳೆಗಾಲ ಕೂಡ ದಾಟುವುದಿಲ್ಲ. ಸಿಲ್ವರ್ ಸ್ಟೀಲ್ ಕಂಬಿ (ಹೆಸರಿಗೆ ಸಿಲ್ವರ್, ಅದು ಕಾಯಿಸಿ ಅದ್ದಿ ಗಟ್ಟಿ ಮಾಡಬಹುದಾದ ಉಕ್ಕು) ತಂದು, ಹಳೆಯದರ ಸರಿಯಾದ ಉದ್ದಕ್ಕೆ ಕತ್ತರಿಸಿ, ತುದಿ ಚೆರ್ರಿ ಹಣ್ಣಿನ ಕೆಂಪಿಗೆ ಕಾಯಿಸಿ ಎಣ್ಣೆಯಲ್ಲಿ ಅದ್ದಿ. ಆಮೇಲೆ ಫೈಲ್ ಹಾಕಿ ನೋಡಿ, ಫೈಲ್ ಜಾರಬೇಕು, ಕಚ್ಚಬಾರದು.

ಇಲ್ಲಿ ಜಾವಾದ ಒಂದು ವಿಶೇಷ ಹೇಳಲೇಬೇಕು, ಇದು ಬುಲೆಟ್ ಇಟ್ಟುಕೊಂಡವರಿಗೆ ಗೊತ್ತಿರುವುದಿಲ್ಲ. ನಮ್ಮ ಗೇರ್ ಲಿವರ್ ತಾನೇ ಕ್ಲಚ್ ಎತ್ತುತ್ತೆ. ಗೇರ್ ಲಿವರ್ ಒತ್ತಿದ ಕೂಡಲೇ ಅದರ ಶಾಫ್ಟಿನ ತುದಿಯ ಕ್ಯಾಮ್ ಅದೇ ಕ್ಲಚ್ ಆರ್ಮನ್ನು ತಳ್ಳುತ್ತೆ, ಕೈ ಲಿವರ್ ಮುಟ್ಟದೆಯೂ ಗೇರ್ ಬೀಳುತ್ತೆ. ಒಳ್ಳೆಯ ಉಪಾಯ. ಆದರೆ ನಮ್ಮ ಚಿಕ್ಕಪ್ಪನಿಗೆ ಗೇರ್ ಲಿವರಿನ ಮೇಲೆ ಕಾಲಿಟ್ಟುಕೊಂಡೇ ಓಡಿಸುವ ಅಭ್ಯಾಸ. ಅವರು ಓಡಿಸಿದರೆ ಮಾತ್ರ ಕ್ಲಚ್ ಜಾರುತ್ತಿತ್ತು, ನಾನು ಓಡಿಸಿದರೆ ಇಲ್ಲ. ಗಾಡಿಗೆ ನನ್ನ ಕಂಡರೆ ಆಗಲ್ಲ ಕಣೋ ಅನ್ನುತ್ತಿದ್ದರು. ಅವರ ಚಪ್ಪಲಿಯ ಭಾರ ಅರ್ಧ ಕ್ಲಚ್ ಒತ್ತಿ ಹಿಡಿದಿತ್ತು. ಈಗ ಗೊತ್ತಾಯಿತಲ್ಲ, ಕೈ ಲಿವರಿಗೆ ಎರಡು ಮೂರು ಮಿಲಿಮೀಟರ್ ಫ್ರೀ ಪ್ಲೇ ಬಿಟ್ಟ ಮೇಲೂ ಕಾಲಿನ ಕ್ಯಾಮ್ ತಾಗಿಕೊಂಡೇ ಇದೆಯಾ ಅಂತ ಬೇರೆಯಾಗಿ ನೋಡಬೇಕು. ಗೇರ್ ಲಿವರನ್ನು ಕೈಯಲ್ಲಿ ಮೆಲ್ಲಗೆ ಅಲ್ಲಾಡಿಸಿ, ಮೊದಲ ಒಂದಿಷ್ಟು ಆಟ ಹಗುರವಾಗಿ ಇರಬೇಕು, ಆಮೇಲೆ ಸ್ಪ್ರಿಂಗಿನ ಭಾರ ಸಿಗಬೇಕು. ಮೊದಲಿಂದಲೇ ಭಾರ ಇದ್ದರೆ ಕ್ಯಾಮ್ ಒತ್ತಿಕೊಂಡಿದೆ.

ಎಣ್ಣೆಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಗೇರ್ ಬಾಕ್ಸು ಕ್ಲಚ್ಚು ಎರಡಕ್ಕೂ ಒಂದೇ ಎಣ್ಣೆ, ಅದಕ್ಕೇ ಕಾರಿಗೆ ಹಾಕುವ ಜಾರು ಜಾಸ್ತಿ ಇರುವ ಎಣ್ಣೆ ಬೇಡ. ಡಬ್ಬದ ಮೇಲೆ ಜಾಸೋ ಎಂಎ ಅಂತ ಇದ್ದರೆ ಒದ್ದೆ ಕ್ಲಚ್ಚಿಗೆ ಆಗುತ್ತೆ. ಮೇಲಿಂದ ಪವಾಡದ ಯಾವ ಸೀಸೆಯನ್ನೂ ಸುರಿಯಬೇಡಿ.

ಕವರ್ ಮುಚ್ಚುವ ಮೊದಲು ಒಂದು ಕೆಲಸ. ಒಬ್ಬರು ಲಿವರ್ ಎಳೆದು ಹಿಡಿಯಲಿ, ನೀವು ಪ್ರೆಶರ್ ಪ್ಲೇಟಿನ ಅಂಚಿನ ಸಂದಿಗೆ ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ಹಾಕಿ ಮೂರು ಕಡೆ ನೋಡಿ. ಒಂದೇ ಸಮ ಎದ್ದಿದ್ದರೆ, ಒಂದು ಸಣ್ಣ ಸ್ಕ್ರೂಡ್ರೈವರಿನಲ್ಲಿ ಪ್ರತಿ ಪ್ಲೇಟಿನ ಕಿವಿಯನ್ನು ಮುಟ್ಟಿ ಅಲ್ಲಾಡಿಸಿ, ಎಲ್ಲವೂ ಸಡಿಲವಾಗಿ ಟಿಣ್ ಟಿಣ್ ಅನ್ನಬೇಕು. ಯಾವುದು ಅನ್ನುವುದಿಲ್ಲವೋ ಆ ಸೀಳಿಗೆ ಮತ್ತೆ ಫೈಲ್. ನನ್ನದರಲ್ಲಿ ಮೊನ್ನೆ ರಾತ್ರಿ ಒಂದು ಅನ್ನಲಿಲ್ಲ, ಅದಕ್ಕೇ ಇವತ್ತು ಇದು ಗಾಡಿಯಲ್ಲಿ ಇರದೆ ಮೇಜಿನ ಮೇಲಿದೆ.

ಪ್ಲೇಟುಗಳು ವಾಪಸ್ ಬರಲಿ. ಕಾರ್ಕಿನದು ಎರಡು, ಸ್ಟೀಲಿನದು ಒಂದು, ರಾಡು ಬಂತು. ಸ್ಪ್ರಿಂಗು ಯಾರ ಹತ್ತಿರ ಇದೆ? ಆ ಕೊನೇ ಸಾಲಿನಲ್ಲಿ, ಕೈಯಲ್ಲಿ ಒತ್ತಿ ಒತ್ತಿ ಆಡುತ್ತಿದ್ದೀರಲ್ಲ, ದಯವಿಟ್ಟು ಅದನ್ನು ಕೊಡಿ, ಸೆಟ್ಟಿನಲ್ಲಿ ಒಂದು ಕಮ್ಮಿ ಆದರೆ ನಾಳೆ ಬೆಳಿಗ್ಗೆ ಮತ್ತೆ ಜೆ.ಸಿ. ರೋಡಿಗೆ ಹೋಗಬೇಕಾಗುತ್ತೆ.